ಸೋಲೂರು ಪರಿಸರದ ಸಾರಿಗೆ ಮಾರ್ಗಗಳು ಮತ್ತು ಪ್ರವಾಸೋದ್ಯಮ: ಒಂದು ಅವಲೋಕನ

ಪೀಠಿಕೆ

ಪ್ರವಾಸೋದ್ಯಮದ ಬೆಳವಣಿಗೆಗೆ ಸಾರಿಗೆಯೇ ಮೂಲಾಧಾರವೆಂಬುದು ಸರ್ವವಿದಿತ. ಭಾರತದಂತಹ ವಿಶಾಲವಾದ, ಅಭಿವೃದ್ಧಿಶೀಲ ರಾಷ್ಟ್ರದಲ್ಲಿ ರಸ್ತೆ, ರೈಲು, ಜಲ ಹಾಗೂ ವಾಯುಸಾರಿಗೆಗಳು ಏಕಕಾಲದಲ್ಲಿ ಬಳಕೆಯಲ್ಲಿದ್ದು, ಒಂದೊಂದೂ ಬೇರೆಬೇರೆ ವರ್ಗದ ಪ್ರವಾಸಿಗರನ್ನು ಹೊತ್ತು ತರುತ್ತದೆ. ಸಾರಿಗೆಯ ಪ್ರಗತಿಯನ್ನು ಸಾಮಾನ್ಯವಾಗಿ ವೇಗ ಹಾಗೂ ಮಾರ್ಗದ ಉದ್ದಗಳಿಂದ ಅಳೆಯುವುದು ರೂಢಿ. ಆದರೆ ಒಂದು ಪ್ರದೇಶದ ಜನಜೀವನಕ್ಕೆ ಪ್ರವಾಸೋದ್ಯಮದಿಂದ ಪ್ರಯೋಜನ ದೊರೆಯಬೇಕಾದರೆ ವಾಹನ ಎಷ್ಟು ಬೇಗ ಸಾಗುತ್ತದೆ ಎಂಬುದಕ್ಕಿಂತ ಎಲ್ಲಿ ನಿಲ್ಲುತ್ತದೆ, ನಿಂತ ಮೇಲೆ ಪ್ರವಾಸಿ ಮುಂದಿನ ಕೆಲವು ಕಿಲೋಮೀಟರುಗಳನ್ನು ಹೇಗೆ ಕ್ರಮಿಸುತ್ತಾನೆ ಎಂಬ ಅಂಶಗಳು ಹೆಚ್ಚು ನಿರ್ಣಾಯಕವಾಗುತ್ತವೆ. ಈ ಅಂಶವನ್ನು ಸೋಲೂರು ಹಾಗೂ ಅದರ ಸುತ್ತಲಿನ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಸೀಮೆಗಳ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸೋಲೂರಿನ ಭೌಗೋಳಿಕ ನೆಲೆ

ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದಲ್ಲಿ, ನೆಲಮಂಗಲ ಮತ್ತು ಕುಣಿಗಲ್‌ಗಳ ನಡುವೆ, ಮಂಗಳೂರಿನ ಹೆದ್ದಾರಿಯ ಮೇಲೆ ಸೋಲೂರು ನೆಲೆಸಿದೆ. ದೀರ್ಘಕಾಲ ಮಾಗಡಿ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದ್ದ ಈ ಊರು, 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾದಾಗ ಮಾಗಡಿಯೊಡನೆ ಆ ಜಿಲ್ಲೆಗೆ ಸೇರಿತು. ಇದರ ಉತ್ತರಕ್ಕೆ ಶಿವಗಂಗೆಯ ಬೆಟ್ಟ, ದಕ್ಷಿಣಕ್ಕೆ ಮಾಗಡಿಯ ಕೋಟೆ ಹಾಗೂ ಸಾವನದುರ್ಗ, ಪಶ್ಚಿಮಕ್ಕೆ ಕುಣಿಗಲ್ ಮತ್ತು ಎಡೆಯೂರು ಕ್ಷೇತ್ರಗಳಿವೆ. ಆರ್ಯ ಈಡಿಗ ಮಹಾಸಂಸ್ಥಾನದ ಪೀಠ ಇಲ್ಲಿಯೇ ಇರುವುದರಿಂದ ರಾಜ್ಯದ ನಾನಾ ಭಾಗಗಳ ಭಕ್ತರಿಗೆ ಊರಿನ ಹೆಸರು ಪರಿಚಿತ. ಹೆದ್ದಾರಿ, ರೈಲುಮಾರ್ಗ ಹಾಗೂ ಕವಲು ರಸ್ತೆಗಳು ಒಂದೆಡೆ ಕೂಡುವುದರಿಂದ ಸಾರಿಗೆ ಮತ್ತು ಪ್ರವಾಸೋದ್ಯಮಗಳ ಸಂಬಂಧವನ್ನು ಅರಿಯಲು ಸೋಲೂರು ಯೋಗ್ಯ ನಿದರ್ಶನವಾಗಿದೆ.

ಚಾರಿತ್ರಿಕ ಹಿನ್ನೆಲೆ

ಬಿಜಾಪುರದ ಸೇನೆ 1638ರಲ್ಲಿ ಬೆಂಗಳೂರನ್ನು ವಶಪಡಿಸಿಕೊಂಡ ಬಳಿಕ ಕೆಂಪೇಗೌಡ ವಂಶದವರು ಮಾಗಡಿಯನ್ನು ನೆಲೆಯಾಗಿಸಿಕೊಂಡರು. ಸುತ್ತಲಿನ ಬೆಟ್ಟ ಮತ್ತು ದಟ್ಟಕಾಡುಗಳೇ ಆಗ ಅವರಿಗೆ ರಕ್ಷೆಯಾಗಿದ್ದವು. ಎಂದರೆ ದಾರಿಯ ದುರ್ಗಮತೆಯೇ ಈ ಸೀಮೆಯ ಬಲವಾಗಿತ್ತು. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ಸಾವನದುರ್ಗಕ್ಕೆ ಮುತ್ತಿಗೆ ಹಾಕಿದಾಗ ಫಿರಂಗಿಗಳನ್ನು ಸಾಗಿಸಲು ಕಾಡು ಕಡಿದು ದಾರಿ ಮಾಡಬೇಕಾಯಿತು. ಅನಂತರ 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಸಮೀಕ್ಷೆಗಾಗಿ ಸಂಚರಿಸಿದಾಗ ಮಾಗಡಿ, ಸಾವನದುರ್ಗಗಳ ಪರಿಸರವನ್ನು ಕಂಡು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಒಂದು ಕಾಲಕ್ಕೆ ಹೊರಗಿನವರನ್ನು ತಡೆಯುತ್ತಿದ್ದ ಬಂಡೆ ಮತ್ತು ಕಾಡುಗಳೇ ಇಂದು ಅವರನ್ನು ಆಕರ್ಷಿಸುತ್ತಿರುವುದು ಗಮನಾರ್ಹ.

ರೈಲು: ನಿಲುಗಡೆ ಕಟ್ಟಿದ ಊರುಗಳು

ಭಾರತದಲ್ಲಿ ಪ್ರಯಾಣಿಕರ ಮೊದಲ ರೈಲು 1853ರಲ್ಲಿ ಮುಂಬಯಿಯಿಂದ ಠಾಣೆಗೆ ಸಂಚರಿಸಿತು. ಬೆಂಗಳೂರು–ಮೈಸೂರು ಮೀಟರ್‌ಗೇಜ್ ಮಾರ್ಗ 1882ರ ವೇಳೆಗೆ ಬಳಕೆಗೆ ಬಂದು, ರಾಮನಗರ ಮತ್ತು ಚನ್ನಪಟ್ಟಣಗಳು ರೈಲಿನ ಊರುಗಳಾದವು. ಮಾಗಡಿ ಮತ್ತು ಕನಕಪುರಗಳು ಹಳಿಯಿಂದ ದೂರ ಉಳಿದವು. ಇಂದಿಗೂ ಈ ಎರಡು ಪಟ್ಟಣಗಳಿಗೆ ರೈಲು ಬಂದಿಲ್ಲ. ನೆರೆಯ ತಾಲ್ಲೂಕುಗಳ ನಡುವೆ ಕಾಣುವ ವ್ಯತ್ಯಾಸಕ್ಕೆ ಇದೂ ಒಂದು ಕಾರಣವೆನ್ನಬಹುದು.

ರೈಲಿನ ನಿಲುಗಡೆ ಸ್ಥಳೀಯ ಆರ್ಥಿಕತೆಯನ್ನು ರೂಪಿಸುವ ಬಗೆಗೆ ಇದೇ ಮಾರ್ಗದ ಮದ್ದೂರು ಉತ್ತಮ ನಿದರ್ಶನ. 20ನೆಯ ಶತಮಾನದ ಆರಂಭದಲ್ಲಿ ಮದ್ದೂರು ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಮಾರಲಾಗುತ್ತಿದ್ದ ವಡೆ ಕ್ರಮೇಣ ಆ ಊರಿನ ಹೆಸರನ್ನೇ ಪಡೆದು ನಾಡಿನಾದ್ಯಂತ ಪ್ರಸಿದ್ಧವಾಯಿತು. ರೈಲು ಅಲ್ಲಿ ನಿಲ್ಲದೆ ಸಾಗಿದ್ದರೆ ಮದ್ದೂರು ವಡೆ ಎಂಬ ಹೆಸರು ಹುಟ್ಟುತ್ತಿರಲಿಲ್ಲ.

ಸೋಲೂರಿಗೆ ರೈಲು ಬಂದದ್ದು ಬಹಳ ತಡವಾಗಿ. ಚಿಕ್ಕಬಾಣಾವರದಿಂದ ನೆಲಮಂಗಲ, ಸೋಲೂರು, ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ಹಾಸನವನ್ನು ಸೇರುವ ಮಾರ್ಗಕ್ಕೆ 1990ರ ದಶಕದಲ್ಲಿ ಮಂಜೂರಾತಿ ದೊರೆತರೂ ಪೂರ್ಣಮಾರ್ಗ ಸಂಚಾರಕ್ಕೆ ತೆರೆದದ್ದು 2017ರ ಮಾರ್ಚ್‌ನಲ್ಲಿ. ಎಡೆಯೂರು, ಆದಿಚುಂಚನಗಿರಿ, ಶ್ರವಣಬೆಳಗೊಳ ಈ ಮೂರೂ ಕ್ಷೇತ್ರಗಳು ಇದರಿಂದ ರೈಲಿನ ಸನಿಹಕ್ಕೆ ಬಂದವು. 2018ರ ಫೆಬ್ರವರಿಯಲ್ಲಿ ನಡೆದ ಬಾಹುಬಲಿಯ ಮಹಾಮಸ್ತಕಾಭಿಷೇಕ, ಬೆಂಗಳೂರಿನಿಂದ ನೇರ ರೈಲು ಸಂಪರ್ಕ ದೊರೆತ ಮೇಲೆ ಜರುಗಿದ ಮೊದಲನೆಯದು.

ಯಶವಂತಪುರ–ಮಂಗಳೂರು ಹಗಲು ರೈಲಿಗೆ 2021ರ ಜುಲೈನಲ್ಲಿ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಲಾಯಿತು. ಗಾಜಿನ ಛಾವಣಿ ಹಾಗೂ ವಿಶಾಲ ಕಿಟಕಿಗಳ ಈ ಬೋಗಿಗಳ ಉದ್ದೇಶ ಸಕಲೇಶಪುರದಿಂದಾಚೆಯ ಘಟ್ಟದ ನೋಟವನ್ನು ಪ್ರವಾಸಿಗರಿಗೆ ಒದಗಿಸುವುದು. ಇಲ್ಲಿ ರೈಲು ಸಾಧನವಾಗಿರುವುದರ ಜೊತೆಗೆ ತಾನೇ ಪ್ರವಾಸದ ಆಕರ್ಷಣೆಯಾಗಿದೆ. 2008ರಲ್ಲಿ ಆರಂಭವಾದ ಐಷಾರಾಮಿ ರೈಲು ‘ಗೋಲ್ಡನ್ ಚಾರಿಯಟ್’ ಕೂಡ ಇದೇ ವರ್ಗಕ್ಕೆ ಸೇರುತ್ತದೆ. ಆದರೆ ಇಂತಹ ದೂರಪ್ರಯಾಣದ ರೈಲುಗಳು ಸೋಲೂರಿನಂತಹ ಸಣ್ಣ ನಿಲ್ದಾಣಗಳನ್ನು ನಿಲ್ಲದೆ ಹಾದುಹೋಗುವುದರಿಂದ ಅವುಗಳ ಲಾಭ ಮಾರ್ಗದ ಎರಡು ತುದಿಗಳಿಗೆ ಮತ್ತು ದೊಡ್ಡ ಊರುಗಳಿಗೆ ಮಾತ್ರ ಸೀಮಿತ.

ರಸ್ತೆ ಸಾರಿಗೆ ಮತ್ತು ಜನಸಾಮಾನ್ಯರ ಪ್ರವಾಸ

ಸ್ವಾತಂತ್ರ್ಯಾನಂತರ ಜನಸಾಮಾನ್ಯರನ್ನು ಪ್ರವಾಸಿಗರನ್ನಾಗಿಸಿದ ಸಾಧನವೆಂದರೆ ಬಸ್ಸು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರಲ್ಲಿ 120 ಬಸ್ಸುಗಳೊಡನೆ ಆರಂಭಗೊಂಡು, 1961ರಲ್ಲಿ ನಿಗಮದ ರೂಪ ತಾಳಿತು. ಸೋಲೂರಿನ ಹೆದ್ದಾರಿ ಹಾಸನ, ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯಗಳ ಯಾತ್ರಾಮಾರ್ಗವೂ ಆಗಿದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 48 ಎಂದಿದ್ದ ಈ ರಸ್ತೆ ಮರುಸಂಖ್ಯೆಯ ತರುವಾಯ 75 ಎಂಬ ಸಂಖ್ಯೆಯನ್ನು ಪಡೆದು, ಕಾಲಕ್ರಮದಲ್ಲಿ ಚತುಷ್ಪಥವಾಗಿ ವಿಸ್ತರಣೆಗೊಂಡಿತು.

2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆ ಈ ದೃಷ್ಟಿಯಿಂದ ಪ್ರತ್ಯೇಕ ಉಲ್ಲೇಖಕ್ಕೆ ಅರ್ಹ. ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕಲ್ಪಿಸಿದ ಈ ಯೋಜನೆಯ ಆರಂಭದ ವಾರಗಳಲ್ಲಿಯೇ ಧರ್ಮಸ್ಥಳ, ಕುಕ್ಕೆ ಮೊದಲಾದ ಕ್ಷೇತ್ರಗಳಿಗೆ ಮಹಿಳಾ ಯಾತ್ರಿಕರ ದಟ್ಟಣೆ ಕಂಡುಬಂದಿತು. ಹೊಸ ರಸ್ತೆಯನ್ನಾಗಲಿ ಹೊಸ ವಾಹನವನ್ನಾಗಲಿ ಅವಲಂಬಿಸದೆ, ಕೇವಲ ಪ್ರಯಾಣ ದರದ ಬದಲಾವಣೆಯಿಂದಲೇ ಪ್ರವಾಸಿ ವರ್ಗವೊಂದು ಹೊರಹೊಮ್ಮಿತು. ಮನೆಯ ಖರ್ಚು ತೂಗಿಸಿ ಯಾತ್ರೆಯನ್ನು ಮುಂದೂಡುತ್ತಿದ್ದ ಗ್ರಾಮೀಣ ಮಹಿಳೆಗೆ ದೂರಕ್ಕಿಂತ ದರವೇ ದೊಡ್ಡ ಅಡ್ಡಿಯಾಗಿತ್ತೆಂಬುದು ಇದರಿಂದ ವೇದ್ಯವಾಗುತ್ತದೆ.

ವೇಗದ ಹೆದ್ದಾರಿಯ ಎರಡು ಮುಖಗಳು

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಸುಮಾರು 118 ಕಿ.ಮೀ. ಉದ್ದದ ಈ ಮಾರ್ಗ ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸ್‌ಗಳ ಮೂಲಕ ದಾಟುತ್ತದೆ. ಪ್ರಯಾಣದ ಅವಧಿ ಗಣನೀಯವಾಗಿ ತಗ್ಗಿದ್ದು ನಿಜ. ಆದರೆ ಹಳೆಯ ಹೆದ್ದಾರಿಯ ಬದಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಮರದ ಬೊಂಬೆ, ಮದ್ದೂರಿನ ವಡೆಗಳನ್ನು ಮಾರುತ್ತಿದ್ದ ಸಣ್ಣ ವರ್ತಕರು ಗಿರಾಕಿಗಳ ಕೊರತೆಯನ್ನು ಎದುರಿಸುವಂತಾಯಿತೆಂದು ದೂರಿದರು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಚನ್ನಪಟ್ಟಣದ ಬೊಂಬೆಗೆ ಹೊರನಾಡುಗಳಲ್ಲಿಯೂ ಬೇಡಿಕೆಯಿರಬಹುದು. ಆದರೆ ದಾರಿಹೋಕನು ಕಾರು ನಿಲ್ಲಿಸಿ ಮಗುವಿಗೆ ಕೊಳ್ಳುತ್ತಿದ್ದ ಬುಗುರಿಯನ್ನೇ ನಂಬಿದ್ದ ಅಂಗಡಿಯವನಿಗೆ ಆ ಮಾನ್ಯತೆ ನೇರವಾಗಿ ನೆರವಾಗದು.

ಇದೇ ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರ್‌ಗಳ ಸಂಚಾರವನ್ನು ಸುರಕ್ಷತೆಯ ಕಾರಣದಿಂದ ನಿಷೇಧಿಸಲಾಗಿದೆ. ಹೀಗೆ ವೇಗದ ರಸ್ತೆ ಸ್ಥಳೀಯರ ವಾಹನಗಳನ್ನು ಪಕ್ಕದ ಸೇವಾರಸ್ತೆಗೆ ಸರಿಸಿತು. ಸೋಲೂರಿನ ಹೆದ್ದಾರಿಗೂ, ಡಾಬಸ್‌ಪೇಟೆ, ಮಾಗಡಿ, ರಾಮನಗರ, ಕನಕಪುರಗಳನ್ನು ಬೆಸೆಯುವಂತೆ ಯೋಜಿಸಲಾಗಿರುವ ಉಪನಗರ ವರ್ತುಲ ರಸ್ತೆಗೂ ಈ ಅನುಭವ ಪಾಠವಾಗಬೇಕಾಗಿದೆ.

ಕೊನೆಯ ಹಂತದ ಸಂಪರ್ಕ

ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಸಾವನದುರ್ಗ, ಮಾಗಡಿಯ ತಿರುಮಲೆ ರಂಗನಾಥ ದೇವಾಲಯ, ಶಿವಗಂಗೆ ಇವು ಯಾವುವೂ ಹೆದ್ದಾರಿಯ ಮಗ್ಗುಲಲ್ಲಿಲ್ಲ. ಸ್ವಂತ ವಾಹನವಿದ್ದವರಿಗೆ ಇದು ಸಮಸ್ಯೆಯಲ್ಲ. ಬಸ್ಸು ಅಥವಾ ರೈಲಿನಿಂದ ಇಳಿದವರಿಗೆ ಮಾತ್ರ ಉಳಿದ ಸ್ವಲ್ಪ ದೂರವೇ ಪ್ರಯಾಸಕರ. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿ ಗುರುತಿಸಲ್ಪಟ್ಟಿತು. ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರಿದೆ; ಅಲ್ಲಿ 2022ರಲ್ಲಿ 108 ಅಡಿ ಎತ್ತರದ ಪ್ರತಿಮೆಯೂ ಸ್ಥಾಪನೆಗೊಂಡಿತು. ವಿಮಾನದಿಂದ ಇಳಿದು ಆ ಹೆಸರನ್ನು ಓದುವ ಪ್ರವಾಸಿಯನ್ನು ಕೆಂಪಾಪುರದವರೆಗೆ ಕರೆತರಬಲ್ಲದ್ದು ಗ್ರಾಮದ ರಸ್ತೆ ಮಾತ್ರ.

ಕೊನೆಯ ಹಂತದ ಸಂಪರ್ಕ ಆಧುನಿಕವಾಗಿಯೇ ಇರಬೇಕೆಂದಿಲ್ಲ. ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿ ನದಿಯನ್ನು ಹರಿಗೋಲಿನಲ್ಲಿ ದಾಟಿ, ಆಚೆ ದಡದಿಂದ ಬಸ್ಸಿನಲ್ಲಿ ಮೇಕೆದಾಟನ್ನು ತಲುಪುವ ಕ್ರಮ ಬಹುಕಾಲದಿಂದ ರೂಢಿಯಲ್ಲಿದೆ. ಹರಿಗೋಲು ಅಂಬಿಗರಿಗೆ ಜೀವನೋಪಾಯ, ಪ್ರವಾಸಿಗೆ ಆನಂದ. ಇನ್ನು ರಾಮನಗರದ ಬೆಟ್ಟಗಳಲ್ಲಿ 1973ರಿಂದ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರಕ್ಕಾಗಿ ಹೆದ್ದಾರಿಯಿಂದ ಚಿತ್ರೀಕರಣದ ಸ್ಥಳದವರೆಗೆ ದಾರಿಯೊಂದನ್ನು ನಿರ್ಮಿಸಬೇಕಾಯಿತು. ತರುವಾಯ ಆ ಬೆಟ್ಟಗಳೇ ಪ್ರೇಕ್ಷಣೀಯ ಸ್ಥಳವಾದವು. ಆದರೆ ಎಲ್ಲ ಸ್ಥಳಗಳಿಗೂ ವಾಹನ ತಲುಪಲೇಬೇಕೆಂಬ ಧೋರಣೆಯೂ ಸರಿಯಲ್ಲ. 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ ರಾಮದೇವರ ಬೆಟ್ಟದಂತಹ ನೆಲೆಗಳಲ್ಲಿ ವಾಹನಗಳ ಸದ್ದು ಮತ್ತು ಜನದಟ್ಟಣೆಗಳಿಗೆ ಮಿತಿ ಅನಿವಾರ್ಯ.

ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಪ್ರವಾಸೋದ್ಯಮದ ಆದಾಯ ಸ್ಥಳೀಯರಿಗೆ ದಕ್ಕುವುದು ವಾಹನ ನಿಲ್ಲುವ ಎಡೆಯಲ್ಲಿ. ಮದ್ದೂರಿನ ಏಳಿಗೆ ಹಾಗೂ ಬೈಪಾಸ್‌ಗಳ ನಂತರದ ಇಳಿಮುಖ ಇದನ್ನೇ ಸಮರ್ಥಿಸುತ್ತವೆ. ಎರಡನೆಯದಾಗಿ, ಪ್ರಯಾಣ ದರ ಕೈಗೆಟುಕಿದಾಗ ಜನಸಾಮಾನ್ಯರೇ ದೊಡ್ಡ ಪ್ರವಾಸಿ ವರ್ಗವಾಗುತ್ತಾರೆ. ಮೂರನೆಯದಾಗಿ, ಬೇರೆಬೇರೆ ಸಾರಿಗೆಗಳು ಪರಸ್ಪರ ಹೊಂದಿಕೊಳ್ಳದಿದ್ದರೆ ಪ್ರತಿಯೊಂದರ ಉಪಯುಕ್ತತೆಯೂ ಅರ್ಧಕ್ಕೇ ನಿಲ್ಲುತ್ತದೆ.

ಸೋಲೂರಿನಲ್ಲಿ ಹೆದ್ದಾರಿಯೂ ಹಳಿಯೂ ಈಗಾಗಲೇ ಇವೆ. ರೈಲಿನ ವೇಳೆಗೆ ಹೊಂದುವಂತೆ ಮಾಗಡಿ, ಸಾವನದುರ್ಗ ಮತ್ತು ಶಿವಗಂಗೆಗಳ ಕಡೆಗೆ ಬಸ್ಸುಗಳನ್ನು ಓಡಿಸುವುದು, ನಿಲ್ದಾಣದಲ್ಲಿ ಕನ್ನಡದ ಮಾರ್ಗಸೂಚಿ ಫಲಕಗಳನ್ನು ನಿಲ್ಲಿಸುವುದು, ಸ್ಥಳೀಯ ಉತ್ಪನ್ನಗಳ ಮಾರಾಟಕ್ಕೆ ಅವಕಾಶ ಕಲ್ಪಿಸುವುದು ಭಾರಿ ವೆಚ್ಚದ ಕಾರ್ಯಗಳಲ್ಲ. ಇಷ್ಟು ನೆರವೇರಿದಲ್ಲಿ, ಪ್ರಯಾಣಿಕರು ಕಿಟಕಿಯಿಂದ ನೋಡಿ ಸಾಗುವ ಸೋಲೂರು ಮಾಗಡಿ ಸೀಮೆಯ ಹೆಬ್ಬಾಗಿಲಾಗಬಲ್ಲದು. ಇಲ್ಲವಾದಲ್ಲಿ ರಸ್ತೆ ಅಗಲವಾಗುತ್ತದೆ, ರೈಲು ವೇಗವಾಗುತ್ತದೆ. ಊರು ಮಾತ್ರ ದಾರಿಯ ಬದಿಯಲ್ಲಿಯೇ ಉಳಿಯುತ್ತದೆ.