ಹಾಲೆಮರದ ಬಟ್ಟಲು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳು ಸುಣ್ಣಕಲ್ಲಿಗೆ, ಹಾಸುಗಲ್ಲಿಗೆ ಹೆಸರಾಗಿದ್ದರೂ, ಅದೇ ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ ಒಣ ಎಲೆಯುದುರು ಕಾಡು, ಅಂದರೆ ಬೇಸಿಗೆಯಲ್ಲಿ ಎಲೆ ಕಳಚಿ ಮಳೆಗೆ ಚಿಗುರುವ ಕಾಡು, 2011ರಿಂದ ವನ್ಯಜೀವಿಧಾಮವಾಗಿ ರಕ್ಷಣೆ ಪಡೆದಿದೆ. ಇಂಥ ಕಾಡುಗಳಲ್ಲಿ ಬೆಳೆಯುವ, ಬಿಳಿಯ ನಯವಾದ ಎಳೆಗಳುಳ್ಳ ಹಾಲೆಮರವೇ ಚನ್ನಪಟ್ಟಣದ ಅರಗಿನ ಕೆಲಸಕ್ಕೆ ಆಧಾರ. ಅಲ್ಲಿ ಲೇತ್ ಯಂತ್ರದ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ, ಘರ್ಷಣೆಯ ಬಿಸಿಗೆ ಅರಗು ಕರಗಿ ಮೈಗೆ ಹರಡುತ್ತದೆ.

ಕಷ್ಟವಿರುವುದು ಬಣ್ಣದಲ್ಲಲ್ಲ, ಒಣಗಿಸುವುದರಲ್ಲಿ. ಮರವು ತನ್ನ ವರ್ಷದ ಉಂಗುರಗಳ ಗುಂಟ ಹೆಚ್ಚು, ಅವುಗಳಿಗೆ ಅಡ್ಡವಾಗಿ ಕಡಿಮೆ ಕುಗ್ಗುವುದರಿಂದ ಹಸಿಯಾಗಿ ಕಡೆದ ಬಟ್ಟಲು ಸೊಟ್ಟಗಾಗುತ್ತದೆ. ಆದ್ದರಿಂದ ಮೊದಲು ದಪ್ಪಗೆ ಕಡೆದು, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಿ, ಮತ್ತೆ ಕಡೆಯುವುದೇ ಸರಿಯಾದ ಕ್ರಮ. ಕಾಳುಮೆಣಸು ಬೀಸುವ ಗಿರಣಿಗಾದರೆ ಉದ್ದನೆಯ ತುಂಡಿನ ನಡುವೆ ನೇರವಾಗಿ ರಂಧ್ರ ಕೊರೆದು ಬೀಸುವ ಹಲ್ಲುಗಳನ್ನು ಕೂರಿಸಬೇಕಾಗಿರುವುದರಿಂದ, ಪೂರ್ತಿ ಒಣಗಿದ ಮರವಲ್ಲದೆ ಬೇರೆ ಸಲ್ಲದು.

ಅಭಯಾರಣ್ಯದ ಮರ ಕಡಿಯುವುದಕ್ಕೆ 1972ರ ವನ್ಯಜೀವಿ ಕಾಯ್ದೆಯು ತಡೆಯೊಡ್ಡಿರುವುದು ನ್ಯಾಯವೇ ಆಗಿರುವುದರಿಂದ, ಈ ಕಸುಬು ಬೇಕೆನ್ನುವವರು ಹಾಲೆಯ ಸಸಿಗಳನ್ನು ಹೊಲದ ಬದುಗಳಲ್ಲಿ ಈಗಲೇ ನೆಡಬೇಕು.