ಡಬ್ಬಿಗೆ ನಿವೃತ್ತಿಯಿಲ್ಲ

ಮೊದಲ ಸದ್ದಿಗೆ ಯಾರೋ ಬಾಗಿಲು ಬಡಿದರೆಂದು ಎದ್ದು ಕುಳಿತೆ. ಎರಡನೆಯದು ಕೇಳಿದ ಮೇಲೆ, ಅದು ಕೆಳಗಿನ ಗದ್ದೆಯಿಂದ ಬರುತ್ತಿದೆ ಎಂದು ತಿಳಿಯಿತು. ಢಣ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಢಣ್. ಪಕ್ಕದ ಮಂಚದಿಂದ ಯಜಮಾನರು, "ಹಂದಿಗೆ ಇಟ್ಟಿದ್ದು, ನೀವು ಮಲಗಿ" ಎಂದು ಮಗ್ಗುಲು ಬದಲಿಸಿದರು. ಸಿದ್ದಾಪುರ ತಾಲೂಕಿನ ಒಳಭಾಗದ ಆ ತೋಟದ ಮನೆಗೆ ನಾನು ಹೋಗಿದ್ದು ಹಳೆಯ ಕೌದಿಗಳನ್ನು ನೋಡಲಿಕ್ಕೆ. ಬೆಳಗಾದ ಮೇಲೆ ಕೌದಿಯ ನೆನಪೇ ಆಗದೆ ನೆಟ್ಟಗೆ ಗದ್ದೆಗೆ ಇಳಿದೆ.

ಭತ್ತ ತೆನೆ ಬಿಟ್ಟಿತ್ತು. ತೋಟದಿಂದ ಬರುವ ಕಾಲುವೆಯ ನೀರು ಅಡಿಕೆ ಮರದ ದಬ್ಬೆಯೊಂದರ ಮೇಲೆ ಸಣ್ಣಗೆ ಹರಿದು ಬಿದಿರಿನ ಒಂದು ಅಂಡೆಗೆ ಬೀಳುತ್ತಿತ್ತು. ಬಿದಿರನ್ನು ನಡುವಿಗಿಂತ ಸ್ವಲ್ಪ ಮುಂದೆ ಅಚ್ಚಿನ ಮೇಲೆ ಕೂರಿಸಿದ್ದರು. ಬಾಯಿಯ ಕಡೆ ನೀರು ತುಂಬಿದಂತೆ ಅದು ಭಾರವಾಗಿ ಬಾಗುತ್ತದೆ, ನೀರು ಚೆಲ್ಲುತ್ತದೆ, ಹಗುರಾದ ಬಿದಿರು ಹಿಂದಕ್ಕೆ ಬಿದ್ದು ಬಾಲದ ತುದಿಯಿಂದ ತಗಡಿನ ಡಬ್ಬಿಗೆ ಬಡಿಯುತ್ತದೆ. ಅಷ್ಟೇ ಯಂತ್ರ. ಕರೆಂಟಿಲ್ಲ, ಬ್ಯಾಟರಿಯಿಲ್ಲ, ರಾತ್ರಿ ಕಾಯುವ ಆಳಿಲ್ಲ. ಜಪಾನಿನವರೂ ಜಿಂಕೆ, ಹಂದಿ ಓಡಿಸಲು ಇದೇ ಉಪಾಯ ಮಾಡಿ, ಆಮೇಲೆ ಅದನ್ನು ಉದ್ಯಾನಗಳ ಅಲಂಕಾರವಾಗಿಸಿದ್ದಾರೆ. ಅಲ್ಲಿ ಅದರ ಹೆಸರು ಶಿಶಿ-ಒಡೊಶಿ. ನಮ್ಮದು ಇನ್ನೂ ಅಲಂಕಾರದ ಮಟ್ಟಕ್ಕೆ ಏರಿಲ್ಲ. ಹಂದಿಗಳು ಸದ್ದಿಗೆ ಬೇಗ ಒಗ್ಗಿಹೋಗುತ್ತವಂತೆ, ಅದಕ್ಕೇ ಯಜಮಾನರು ಆಗಾಗ ದಬ್ಬೆಯ ನೀರನ್ನು ಹೆಚ್ಚುಕಡಿಮೆ ಮಾಡಿ ತಾಳ ಬದಲಿಸುತ್ತಾರೆ. ಡಬ್ಬಿ ಮಾತ್ರ ತೀರಾ ಸಾಮಾನ್ಯದ್ದು: ಪಾಮ್ ಎಣ್ಣೆಯ 15 ಕಿಲೋ ತಗಡು, ಯಾವುದೋ ಮದುವೆಯ ಅಡುಗೆಯವರು ಬಿಟ್ಟುಹೋದದ್ದು.

"ಇದೆಂತ ನೋಡ್ತೆ ತಮಾ, ಹಳೇದು ಮೆತ್ತಿನ ಮೇಲಿದ್ದು" ಎಂದರು ಎಂಬತ್ತು ದಾಟಿದ ಅಮ್ಮಮ್ಮ. ಮೊಮ್ಮಕ್ಕಳು ಹಾಗೆ ಕರೆಯುವುದರಿಂದ ನಾನೂ ಹಾಗೇ ಕರೆದೆ.

ಮೆತ್ತಿನ ಮೇಲೆ, ಅಂದರೆ ಮನೆಯ ಮಹಡಿಯಲ್ಲಿ, ಹೊಗೆ ಹಿಡಿದ ತೊಲೆಯ ಕೆಳಗೆ, ಮರದ ಮಣೆಯ ಮೇಲೆ ಕುಳಿತಿತ್ತು ಅದು. ಚೌಕ ಡಬ್ಬಿ, ಬದಿಯಲ್ಲಿ ಅರ್ಧ ಅಳಿದ ಬರ್ಮಾ-ಶೆಲ್ ಕಂಪನಿಯ ಹೆಸರು. ಬಾಯಿಯನ್ನು ಪೂರ್ತಿ ಕತ್ತರಿಸಿ ಅಂಚು ಮಡಚಿ, ಅದಕ್ಕೊಪ್ಪುವ ಮುಚ್ಚಳ ಮಾಡಿಸಿದ್ದಾರೆ. ಒಳಗೆ ಹಲಸಿನ ಹಪ್ಪಳ. ಮಲೆನಾಡಿನ ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗದೆ, ಇಲಿಗೂ ಸಿಗದೆ ಉಳಿಯಬೇಕೆಂದರೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ ಎಂಬುದು ಅಮ್ಮಮ್ಮನ ತೀರ್ಮಾನ. ಸೀಮೆಎಣ್ಣೆಯ ವಾಸನೆ ಹೋದದ್ದು ಹೇಗೆ ಎಂದು ಕೇಳಿದೆ. ಬೂದಿ, ಬಿಸಿನೀರು, ಸೀಗೆ, ಆಮೇಲೆ ಒಂದು ಬೇಸಿಗೆಯಿಡೀ ಬಿಸಿಲು. ಮೊದಲ ವರ್ಷದ ಹಪ್ಪಳ ಮಾತ್ರ ಕೂಲಿಯವರೂ ತಿನ್ನಲಿಲ್ಲವಂತೆ.

ಈ ಡಬ್ಬಿಯ ಬಗ್ಗೆ ನನಗೊಂದು ಹಳೆಯ ಹುಚ್ಚಿದೆ, ಓದುಗರು ಸಹಿಸಿಕೊಳ್ಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಏಷ್ಯಾದ ದೀಪಗಳಿಗೆ ಎಣ್ಣೆ ಬರುತ್ತಿದ್ದುದು ಹೆಚ್ಚಾಗಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯಿಂದ. ಐದು ಅಮೆರಿಕನ್ ಗ್ಯಾಲನ್ ಹಿಡಿಯುವ ಎರಡು ತಗಡಿನ ಡಬ್ಬಿ, ಅವೆರಡನ್ನು ಕೂರಿಸಿದ ಒಂದು ಮರದ ಪೆಟ್ಟಿಗೆ, ಇದೇ ಅದರ ಕಟ್ಟು. ಸಾವಿರಾರು ಮೈಲಿ ಹಡಗಿನಲ್ಲಿ ತಗಡನ್ನೂ ಹಲಗೆಯನ್ನೂ ಹೊತ್ತು ತರುವುದು ದಂಡ ಎಂದು ಲಂಡನ್ನಿನ ವ್ಯಾಪಾರಿ ಮಾರ್ಕಸ್ ಸ್ಯಾಮ್ಯುಯೆಲ್‌ಗೆ ಅನ್ನಿಸಿತು. ಆತ ಹಡಗನ್ನೇ ತೊಟ್ಟಿ ಮಾಡಿ ಎಣ್ಣೆ ತುಂಬಿಸಿದ. ಮ್ಯೂರೆಕ್ಸ್ ಎಂಬ ಆ ಹಡಗು ಬಟೂಮಿಯಿಂದ ರಷ್ಯಾದ ಸೀಮೆಎಣ್ಣೆ ಹೊತ್ತು 1892ರ ಆಗಸ್ಟ್‌ನಲ್ಲಿ ಸೂಯೆಜ್ ಕಾಲುವೆ ದಾಟಿತು. ಸಗಟಾಗಿ ತಂದದ್ದು, ಆದ್ದರಿಂದ ಅಗ್ಗ. ಜನ ತಮ್ಮ ತಮ್ಮ ಪಾತ್ರೆ ತಂದು ತುಂಬಿಸಿಕೊಂಡು ಹೋಗುತ್ತಾರೆ ಎಂಬುದು ಲೆಕ್ಕಾಚಾರ.

ಜನ ಬರಲಿಲ್ಲ. ಎಣ್ಣೆ ಅಗ್ಗವಾದರೇನು, ಡಬ್ಬಿ ಎಲ್ಲಿ? ಅಮೆರಿಕದವರ ನೀಲಿ ಡಬ್ಬಿ ಆಗಲೇ ಪೂರ್ವ ದೇಶಗಳ ಮನೆಮನೆಯಲ್ಲೂ ಸೇರಿಹೋಗಿತ್ತು. ಚಪ್ಪಟೆ ಮಾಡಿದರೆ ಮಾಡಿನ ತಗಡು, ಕತ್ತರಿಸಿದರೆ ಲೋಟ, ಬಗ್ಗಿಸಿದರೆ ಹಕ್ಕಿಯ ಪಂಜರ. ಎಣ್ಣೆ ಕೊಂಡವರು ಅರ್ಧ ಕೊಂಡದ್ದೇ ಡಬ್ಬಿಯನ್ನು. ಕಡೆಗೆ ಸ್ಯಾಮ್ಯುಯೆಲ್ ತಗಡಿನ ಹಾಳೆ ತರಿಸಿ, ಪೂರ್ವದ ಬಂದರುಗಳಲ್ಲೇ ಡಬ್ಬಿ ಮಾಡಿಸಿ, ಕೆಂಪು ಬಣ್ಣ ಬಳಿದು ಮಾರಬೇಕಾಯಿತು. 1897ರಲ್ಲಿ ಆತ ಕಟ್ಟಿದ ಕಂಪನಿಯೇ ಮುಂದೆ ಜಗತ್ತೆಲ್ಲ ಬಲ್ಲ ಶೆಲ್. ವ್ಯಾಪಾರದ ಚರಿತ್ರೆ ಬರೆಯುವವರು ಇದನ್ನು ಗಿರಾಕಿಯ ಮನಸ್ಸು ಅರಿಯಬೇಕೆಂಬ ಪಾಠವಾಗಿ ಹೇಳುತ್ತಾರೆ. ನನಗಂತೂ ಆ ಗಿರಾಕಿಗಳೆಲ್ಲ ಅಮ್ಮಮ್ಮನ ಮುಖದಲ್ಲೇ ಕಾಣಿಸುತ್ತಾರೆ. ಜಗತ್ತಿನ ಅತಿ ದೊಡ್ಡ ವ್ಯಾಪಾರಗಳಲ್ಲೊಂದು ಖಾಲಿ ಡಬ್ಬಿ ಬೇಕೆಂದವರ ಹಟದ ಮುಂದೆ ತಲೆಬಾಗಿತಲ್ಲ!

ಬರ್ಮಾ-ಶೆಲ್ ಭಾರತದಲ್ಲಿ ಶುರುವಾದದ್ದು 1928ರಲ್ಲಿ. ಸರ್ಕಾರ ಅದನ್ನು ವಹಿಸಿಕೊಂಡದ್ದು 1976ರಲ್ಲಿ, ಭಾರತ್ ಪೆಟ್ರೋಲಿಯಂ ಎಂಬ ಹೆಸರು ಬಂದದ್ದು ಮರುವರ್ಷ. ಹಾಗಾಗಿ ಮೆತ್ತಿನ ಮೇಲಿನ ಡಬ್ಬಿಗೆ ಕಡಿಮೆಯೆಂದರೂ ಅರ್ಧ ಶತಮಾನ. ಅದರ ಒಡಹುಟ್ಟಿದವು ಅಷ್ಟು ಸುಖವಾಗಿ ಇರಲಿಲ್ಲ. ಎಣ್ಣೆ ಮುಗಿದ ಡಬ್ಬಿಗೆ ಈ ಮನೆಯಲ್ಲಿ ಸರ್ಕಾರಿ ನೌಕರಿಯಂಥದ್ದೇ ಒಂದು ಶ್ರೇಣಿಯಿತ್ತು, ಬಡ್ತಿಯಿಲ್ಲ, ಬರೀ ಹಿಂಬಡ್ತಿ. ಗಟ್ಟಿಯಿರುವಾಗ ಬಾಯಿಗೆ ಅಡ್ಡ ರೀಪು ಬಡಿದು ಬಾವಿಯಿಂದ ನೀರು ಹೊರುವುದು. ತಳದಲ್ಲಿ ಜಿನುಗಲು ಶುರುವಾದರೆ ಭತ್ತ, ಕಾಳು. ತಳ ಹೋದರೆ ಉದ್ದಕ್ಕೆ ಸೀಳಿ ಕೊಟ್ಟಿಗೆಯ ಮಾಡಿನಿಂದ ಇಳಿಯುವ ನೀರಿಗೆ ದೋಣಿ. ದೋಣಿಯೂ ತೂತಾದರೆ ಬಡಿದು ಚಪ್ಪಟೆ ಮಾಡಿ, ಹೆಗ್ಗಣ ಕೊರೆದ ಬಾಗಿಲಿಗೆ ತೇಪೆ. ಇದನ್ನು ಯಾರೂ ಕೂತು ಯೋಜಿಸಿದ್ದಲ್ಲ. ಒಂದು ಡಬ್ಬಿ ಸೋರಿತೆಂದರೆ ಅದು ಮುಂದೆ ಎಲ್ಲಿಗೆ ಹೋಗಬೇಕೆಂಬುದು ಮನೆಯ ಹತ್ತು ವರ್ಷದ ಹುಡುಗನಿಗೂ ಗೊತ್ತಿರುತ್ತಿತ್ತು.

ಬಟ್ಟೆಯ ಕಥೆಯೂ ಅದೇ, ಆದರೆ ಅಲ್ಲಿ ಬೇರೆಯವರ ಕೈ ಬರುತ್ತದೆ. ಅಮ್ಮಮ್ಮ ತೆಗೆದು ಹರಡಿದ ಕೌದಿಗಳಲ್ಲಿ ಒಂದು ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸೊಬ್ಬರು ಹೊಲಿದದ್ದು. ಹಳೆಯ ಸೀರೆ, ಪಂಚೆ, ಶಾಲೆಯ ಅಂಗಿ ಎಲ್ಲ ಅದರಲ್ಲಿವೆ. ಸಿದ್ದಿಯರ ಕೌದಿಯನ್ನು ನೋಡಿದವರು ಮರೆಯಲಾರರು. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿದ ತ್ರಿಕೋನದ 'ಫೂಲ', ಅದಿಲ್ಲದ ಕೌದಿ ಬೋಳು. ಅಳತೆ ಪಟ್ಟಿಯಿಲ್ಲ, ಮೊದಲೇ ಬರೆದ ಚಿತ್ತಾರವಿಲ್ಲ, ಕೈಗೆ ಸಿಕ್ಕ ತುಂಡು ಮುಂದಿನ ತುಂಡನ್ನು ತೀರ್ಮಾನಿಸುತ್ತದೆ. ಆಫ್ರಿಕಾ ಮೂಲದ ಈ ಸಮುದಾಯಕ್ಕೆ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ, ಅಂದರೆ ಈ ಕೌದಿ ಹಳತಾಗಿ ಬಹಳ ಕಾಲದ ಮೇಲೆ. ಹೊಲಿದದ್ದಕ್ಕೆ ಏನು ಕೊಟ್ಟಿರಿ ಎಂದು ಕೇಳಿದೆ. "ಅಕ್ಕಿ ಕೊಟ್ಟಿದ್ಯ, ಎರಡು ಕಾಯಿ" ಎಂದು ಹೇಳಿ ಅಮ್ಮಮ್ಮ ಸ್ವಲ್ಪ ಹೊತ್ತು ಸುಮ್ಮನಾದರು.

ತೋಟದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ, ಅಡಿಕೆ ಸೀಮೆಯವರಿಗೆ ಇದೆಲ್ಲ ಗೊತ್ತಿರುವುದೇ. ಒಂದು ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ: ಟೊಪ್ಪಿ, ತಟ್ಟೆ, ದನದ ಮೇವು. ಸೋಗೆ ಮಾಡಿಗೆ, ಸತ್ತ ಮರ ದಬ್ಬೆಗೆ ಮತ್ತು ಹಳ್ಳದ ಸಂಕಕ್ಕೆ. ಅಡಿಗೆಮನೆಯಲ್ಲಿ ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುತ್ತದೆ, ಅಕ್ಕಿ ತೊಳೆದ ನೀರು ದನದ ಬಾನಿಗೆ ಹೋಗುತ್ತದೆ. ನನಗೆ ಇಷ್ಟವಾದದ್ದು ಚೊಗರು. ಹಸಿ ಅಡಿಕೆ ಸುಲಿದು ಬೇಯಿಸಿದ ಮೇಲೆ ಉಳಿಯುವ ಕೆಂಪು ರಸವನ್ನು ಯಾರೂ ಚೆಲ್ಲುವುದಿಲ್ಲ, ಮುಂದಿನ ವರ್ಷದ ಅಡಿಕೆಗೆ ಬಣ್ಣ ಕಟ್ಟಲು ಇಟ್ಟುಕೊಳ್ಳುತ್ತಾರೆ. ಮಿಕ್ಕಿದ್ದನ್ನು ಈ ಮನೆಯಲ್ಲಿ ಬುಟ್ಟಿ, ಮೊರಗಳಿಗೆ ಬಳಿಯುತ್ತಾರೆ. ಸಾಗರದ ಹತ್ತಿರ ಹೆಗ್ಗೋಡಿನ ಕಡೆ, ರಂಗಕರ್ಮಿ ಪ್ರಸನ್ನ ಅವರು ಕಟ್ಟಿ ಬೆಳೆಸಿದ ಚರಕ ಮಹಿಳಾ ಸಹಕಾರ ಸಂಘದವರು ಇದೇ ಚೊಗರಿನಲ್ಲಿ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಒಲೆಯ ಮೇಲಿನ ಹಂಡೆಯಿಂದ ಜುಬ್ಬಾದವರೆಗೆ ಹೋದ ಈ ರಸದ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ.

ಆದರೆ ಈ ಮಿತವ್ಯಯವನ್ನು ಹೊಗಳಿ ಬರೆದ ಲೇಖನಗಳನ್ನು ಓದಿದಾಗ ನನಗೊಂದು ತಕರಾರು ಏಳುತ್ತದೆ. ಏನನ್ನೂ ಎಸೆಯದೆ ಬದುಕಲು ಮೊದಲು ಬೇಕಾದದ್ದು ಸದ್ಗುಣವಲ್ಲ, ಜಾಗ. ಸೋರುವ ಡಬ್ಬಿ ಮುಂದಿನ ಕೆಲಸ ಸಿಗುವವರೆಗೆ ಕಾಯಲು ಒಂದು ಮೆತ್ತು ಬೇಕು, ಕೊಟ್ಟಿಗೆ ಬೇಕು, ಹಿತ್ತಿಲು ಬೇಕು. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಇದೇ ಅಮ್ಮಮ್ಮ ಇದ್ದಿದ್ದರೆ ಅಕ್ಕಪಕ್ಕದವರು ಆಕೆಯನ್ನು ಗುಜರಿ ಅಜ್ಜಿ ಎನ್ನುತ್ತಿದ್ದರು. ತೋಟದ ಸ್ವಾವಲಂಬನೆಯ ಹಿಂದೆಯೂ ಜಾಗವೇ ಇದೆ. ಬ್ರಿಟಿಷರ ಕಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದರು. ಸೊಪ್ಪು, ದರಕು, ಸೌದೆ ಎಲ್ಲ ಅಲ್ಲಿಂದಲೇ. ಒಂದಕ್ಕೆ ಒಂಬತ್ತು! ಹೊರಗಿನಿಂದ ಗೊಬ್ಬರ ಕೊಳ್ಳದ ಮನೆ ಎಂದು ಬೀಗುವಾಗ ಆ ಒಂಬತ್ತು ಎಕರೆ ಕಾಡನ್ನೂ, ಅಲ್ಲಿಂದ ಸೊಪ್ಪಿನ ಹೊರೆ ಹೊತ್ತು ತಂದ ತಲೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೂದಿ ಹಚ್ಚಿ ಡಬ್ಬಿ ಉಜ್ಜಿದ್ದು, ಸಿಪ್ಪೆ ಹುರಿದದ್ದು, ಕೌದಿಗೆ ಬಟ್ಟೆ ಹರಿದದ್ದು ಯಾರು ಎಂದು ಕೇಳಿದರೆ ಯಜಮಾನರ ಹೆಸರು ಎಲ್ಲಿಯೂ ಬರುವುದಿಲ್ಲ. ಅವರ ಪಾಲಿಗೆ ಬಂದದ್ದು ಹಂದಿಯ ಯಂತ್ರ.

ಇದಕ್ಕಿಂತ ಸಿಟ್ಟು ಬರುವುದು ಹೊಸ ಶೋಕಿಯ ಮೇಲೆ. ದಾರಿಯಲ್ಲಿ ಸಿಕ್ಕ ಹೋಂಸ್ಟೇಯೊಂದರಲ್ಲಿ ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆಯನ್ನು ಬೋರಲು ಹಾಕಿ, ಮೇಲೆ ಗಾಜು ಕೂರಿಸಿ ಕಾಫಿ ಟೇಬಲ್ ಮಾಡಿದ್ದರು. ಅದರ ಬೆಲೆಗೆ ಎರಡು ಹೊಸ ಹಂಡೆ ಬರುತ್ತವೆ. ಇನ್ನೂ ದುಡಿಯಬಲ್ಲ ಹಂಡೆಯನ್ನು ಕೆಲಸದಿಂದ ಬಿಡಿಸಿ ಕೂರಿಸುವುದು ಮರುಬಳಕೆ ಹೇಗಾದೀತು?

ಅಮ್ಮಮ್ಮನ ಶ್ರೇಣಿ ಮುರಿದದ್ದು ಪ್ಲಾಸ್ಟಿಕ್ಕಿನಿಂದ. ಕೊಳೆರೋಗಕ್ಕೆ ಹಿಂದೆ ಕರಡದ ಕೊಟ್ಟೆ ಹೆಣೆದು ಅಡಿಕೆ ಕೊನೆಗೆ ಕಟ್ಟುತ್ತಿದ್ದರು. ಮಳೆಗಾಲ ಮುಗಿದರೆ ಅದು ಗೊಬ್ಬರಗುಂಡಿಗೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಹೊತ್ತಿಗೆ ರೂಢಿಗೆ ಬಂದ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣವನ್ನು ಕೊಳೆರೋಗದ ಮೇಲೆ ಪ್ರಯೋಗಿಸಿ, ಮೈಸೂರು ಸಂಸ್ಥಾನದಲ್ಲಿ ಹಬ್ಬಿಸಿದವರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. ಆಮೇಲೆ ಪ್ಲಾಸ್ಟಿಕ್ ಕೊಟ್ಟೆಯೂ ಬಂತು. ಒಂದೆರಡು ಮಳೆಗಾಲಕ್ಕೆ ಅದು ಹರಿಯುತ್ತದೆ, ಹರಿದದ್ದು ತೇಪೆಗೂ ಆಗದು, ಗೊಬ್ಬರಕ್ಕೂ ಆಗದು. ಕೊಟ್ಟಿಗೆಯ ಹಿಂದೆ ಟಾರ್ಪಾಲಿನಡಿ ಅದರ ರಾಶಿಯಿದೆ, ಜೊತೆಗೆ ಒಡೆದ ಸ್ಪ್ರಿಂಕ್ಲರ್ ಪೈಪು, ಬಣ್ಣದ ಬಕೆಟ್ಟು. "ಒಗ್ಯಡ, ಎಂತಕ್ಕಾರೂ ಬೇಕಾಗ್ತು" ಎನ್ನುವ ಅಮ್ಮಮ್ಮ ಆ ರಾಶಿಯ ಮುಂದೆ ಮಾತ್ರ ಹಾಗೆ ಹೇಳುವುದಿಲ್ಲ. ಗುಜರಿಯವನು ಬಂದರೆ ಪೈಪು ಒಯ್ಯುತ್ತಾನೆ, ಕೊಟ್ಟೆಯನ್ನು ಮುಟ್ಟುವುದಿಲ್ಲ.

ಈಗ ಆ ಮನೆಯಲ್ಲಿ ಚರ್ಚೆ ನಡೆದಿರುವುದು ಬೇರೆಯದೇ. ಹಳೆಯ ಮನೆಯ ಒಂದು ಪಾರ್ಶ್ವ ಕೆಡವಿ ಆರ್‌ಸಿಸಿ ಕಟ್ಟುವವರಿದ್ದಾರೆ, ಎಂಜಿನಿಯರ್ ಕೊಟ್ಟ ನಕ್ಷೆಯಲ್ಲಿ ಮೆತ್ತು ಇಲ್ಲ, ಎಂಟಡಿಗೆ ಎಂಟಡಿಯ ಸ್ಟೋರ್ ರೂಮ್ ಇದೆ. ಮೆತ್ತು ಏರಿ ಇಳಿದು ಮಂಡಿ ಸವೆದದ್ದು ತನ್ನದು, ಅತ್ತೆಯದಲ್ಲ ಎನ್ನುತ್ತಾರೆ ಸೊಸೆ, ಅದರಲ್ಲಿ ಸುಳ್ಳಿಲ್ಲ. ಅಷ್ಟು ಜಾಗದಲ್ಲಿ ಹಪ್ಪಳ ಇಡಬೇಕೋ ಕೌದಿ ಇಡಬೇಕೋ ಎಂದು ಅಮ್ಮಮ್ಮ ಕೇಳುತ್ತಾರೆ, ಅದಕ್ಕೆ ನಕ್ಷೆಯಲ್ಲಿ ಉತ್ತರವಿಲ್ಲ. ಯಜಮಾನರು ಇಬ್ಬರ ಮಾತಿಗೂ ತಲೆಯಾಡಿಸುತ್ತಾರೆ. ನಾನು ಹೊರಡುವ ಹೊತ್ತಿಗೆ, ಸ್ಟೋರ್ ರೂಮಿಗೆ ಎರಡಡಿ ಕೂಡಿಸಲು ಬಚ್ಚಲಮನೆಯಿಂದ ಕದಿಯಬಹುದೇ ಎಂಬಲ್ಲಿಗೆ ಮಾತು ಬಂದಿತ್ತು.