ಸಣ್ಣಗಿದ್ದರೂ ಶುಗರ್ ಏಕೆ? ಹೊಟ್ಟೆಯ ಕೊಬ್ಬಿನೊಳಗಿನ ಉರಿಯೂತ

"ಡಾಕ್ಟ್ರೇ, ನಾನೇನು ದಪ್ಪ ಇಲ್ಲವಲ್ಲ, ನನಗೆ ಹೇಗೆ ಶುಗರ್ ಬಂತು?" ಗುಡೇಮಾರನಹಳ್ಳಿ ಕಡೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೈಕಾಲು ಸಣ್ಣ, ತೂಕವೂ ಹೆಚ್ಚಿಲ್ಲ, ಹೊಟ್ಟೆ ಮಾತ್ರ ಮುಂದೆ ಬಂದಿರುತ್ತದೆ. ಉತ್ತರ ಆ ಹೊಟ್ಟೆಯಲ್ಲೇ ಇದೆ.

ಕೊಬ್ಬೆಂದರೆ ಮೂಲೆಯಲ್ಲಿಟ್ಟ ರಾಗಿ ಮೂಟೆ ಎಂದು ನಾವು ಭಾವಿಸಿದ್ದೇವೆ. ನಿಜದಲ್ಲಿ ಅದಕ್ಕೆ ಜೀವವಿದೆ, ಕೆಲಸವಿದೆ. ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಹಾರ್ಮೋನು ಕೊಬ್ಬಿನಿಂದಲೇ ಬರುತ್ತದೆ. ತಿಂದದ್ದು ಖರ್ಚಾಗದೆ ಉಳಿದರೆ ಕೊಬ್ಬಿನ ಕೋಶಗಳು ಉಬ್ಬುತ್ತವೆ. ಮಿತಿಮೀರಿ ಉಬ್ಬಿದವುಗಳಿಗೆ ಆಮ್ಲಜನಕ ಸಾಲದೆ ಕೆಲವು ಸಾಯುತ್ತವೆ. ಅವನ್ನು ತೆರವು ಮಾಡಲು ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಗುಂಪುಗುಂಪಾಗಿ ಬಂದು ಅಲ್ಲೇ ಬೀಡುಬಿಡುತ್ತವೆ. ಅವು ಸುರಿಸುವ ಟಿಎನ್‌ಎಫ್‌ನಂತಹ ರಾಸಾಯನಿಕಗಳಿಂದ ದೇಹ ಇನ್ಸುಲಿನ್‌ನ ಮಾತು ಕೇಳದಂತಾಗುತ್ತದೆ. ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಇದನ್ನು ಅಮೆರಿಕದ ವಿಜ್ಞಾನಿಗಳು 1993ರಲ್ಲಿ ತೋರಿಸಿದರು.

ಗಾಯದ ಉರಿಯೂತ ಕೆಂಪಾಗಿ, ನೋವು ಕೊಟ್ಟು, ವಾಸಿಯಾಗುತ್ತದೆ. ಈ ಉರಿಯೂತಕ್ಕೆ ಜ್ವರವೂ ಇಲ್ಲ, ನೋವೂ ಇಲ್ಲ. ವರ್ಷಗಟ್ಟಲೆ ಒಳಗೇ ಹೊಗೆಯಾಡುತ್ತದೆ. ಯುನಾನಿಯಲ್ಲಿ ಉರಿಯೂತವನ್ನು 'ವರಮ್' ಎನ್ನುತ್ತೇವೆ, ಅತಿಬೊಜ್ಜನ್ನು 'ಸಿಮನೆ ಮುಫ್ರಿತ್' ಎಂಬ ಕಾಯಿಲೆಯಾಗಿಯೇ ಎಣಿಸುತ್ತೇವೆ. ಹಾಗೆಂದು ಕೋಶಗಳ ಈ ಕಥೆಯೆಲ್ಲ ಹಳೆಯ ಹಕೀಮರಿಗೆ ಗೊತ್ತಿತ್ತು ಎನ್ನುವುದು ಸರಿಯಲ್ಲ.

ಕರುಳಿನ ಸುತ್ತ ಸೇರುವ ಕೊಬ್ಬು ಹೆಚ್ಚು ಅಪಾಯಕಾರಿ. ಅಲ್ಲಿನ ರಕ್ತ ನೇರವಾಗಿ ಲಿವರ್‌ಗೆ ಹೋಗುತ್ತದೆ. ಫ್ಯಾಟಿ ಲಿವರ್, ಬಿ.ಪಿ., ಹೃದಯದ ತೊಂದರೆ ಶುಗರ್‌ನ ಜೊತೆಜೊತೆಗೇ ಕಾಣುವುದಕ್ಕೆ ಇದೂ ಒಂದು ಕಾರಣ.

ಭಾರತೀಯರ ವಿಷಯದಲ್ಲಿ ತಕ್ಕಡಿ ಮೋಸ ಮಾಡುತ್ತದೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಯೂಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಲೆಕ್ಕ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯೂಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2!

ಆದ್ದರಿಂದ ದರ್ಜಿಯ ಟೇಪು ಹಿಡಿಯಿರಿ. ನಿಂತುಕೊಂಡು, ಉಸಿರು ಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಹೊಟ್ಟೆ ಒಳಗೆಳೆದುಕೊಂಡು ಅಳೆಯುವವರನ್ನು ನಾನು ದಿನವೂ ನೋಡುತ್ತೇನೆ!

ಶುಗರ್ ಬರುವ ಹಂತದಲ್ಲಿದ್ದವರ ಮೇಲೆ ನಡೆದ ಒಂದು ಅಧ್ಯಯನದ ಫಲಿತಾಂಶ 2006ರಲ್ಲಿ ಚೆನ್ನೈನಿಂದ ಬಂತು. ದಿನಕ್ಕೆ ಅರ್ಧ ಗಂಟೆ ಚುರುಕಿನ ನಡಿಗೆ, ಸಕ್ಕರೆ, ಮೈದಾ, ಎಣ್ಣೆಯಲ್ಲಿ ಹಿಡಿತ, ಇಷ್ಟರಿಂದಲೇ ಕಾಯಿಲೆಯ ಸಾಧ್ಯತೆ ಕಾಲುಭಾಗಕ್ಕಿಂತ ಹೆಚ್ಚು ತಗ್ಗಿತ್ತು. ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಮನೆಗೆಲಸವೇ ಸಾಕೆನ್ನುವ ಅಮ್ಮಂದಿರೂ ನಡೆಯಬೇಕು.

ಉರಿಯೂತ ಎಂದೊಡನೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬೇಡಿ; ಕಿಡ್ನಿಗೆ ಕೇಡು. ಮೆಂತ್ಯ, ಕಲೋಂಜಿ ಅಡುಗೆಯಲ್ಲಿರಲಿ, ಆದರೆ ಅವನ್ನು ನಂಬಿ ಶುಗರ್ ಮಾತ್ರೆ ನಿಲ್ಲಿಸಬೇಡಿ. ಯುನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ತಪಾಸಣೆ ಉಚಿತ. ಟೇಪು ಗೆರೆ ದಾಟಿದ್ದರೆ ಈ ವಾರವೇ ಹೋಗಿ ಬನ್ನಿ.